ಹಿಡಿಯುವುದು ಸ್ಪ್ರಿಂಗ್, ಬಿಡಿಸುವುದು ಕಾಯಿಲ್

ಮಲ್ಪೆಯ ಐಸ್ ಪ್ಲಾಂಟುಗಳಲ್ಲಿ ಉಪ್ಪುನೀರಿನ ಟ್ಯಾಂಕಿನಿಂದ ಕ್ಯಾನುಗಳನ್ನು ಎತ್ತುವ ಹೊಯ್ಸ್ಟ್ ನೋಡಿರಬಹುದು. ಅದರ ಮೋಟರಿನ ಹಿಂಬದಿ, ಫ್ಯಾನ್ ಕವರಿನಡಿ, ಒಂದು ವಿದ್ಯುತ್ಕಾಂತ ಬ್ರೇಕ್ ಕೂತಿರುತ್ತದೆ. ಅದು ಕೆಟ್ಟಾಗ ಬರುವ ಕರೆ ಹೆಚ್ಚಾಗಿ ಒಂದೇ: "ಕಾಯಿಲ್ ಸುಟ್ಟಿದೆ, ಹೊಸದು ಹಾಕಿ." ಸುಟ್ಟಿರುವುದು ನಿಜವೇ. ಯಾಕೆ ಸುಟ್ಟಿತೆಂದು ನೋಡದೆ ಹೊಸದು ಕೂರಿಸಿದರೆ ಅದೂ ಸುಡುತ್ತದೆ.

ಈ ಬ್ರೇಕಿನಲ್ಲಿ ಕರೆಂಟು ಹಿಡಿಯುವುದಿಲ್ಲ, ಬಿಡಿಸುತ್ತದೆ. ಕರೆಂಟು ಇಲ್ಲದಾಗ ಸ್ಪ್ರಿಂಗುಗಳು ಆರ್ಮೇಚರ್ ಪ್ಲೇಟನ್ನು (ಕಾಯಿಲ್ ಎಳೆಯುವ ಉಕ್ಕಿನ ತಟ್ಟೆ) ಮೋಟರ್ ಶಾಫ್ಟಿನ ಜೊತೆ ತಿರುಗುವ ಲೈನಿಂಗ್ ಡಿಸ್ಕಿನ ಮೇಲೆ ಒತ್ತಿರುತ್ತವೆ. ಕಾಯಿಲಿಗೆ ಡಿಸಿ ಸಿಕ್ಕಿದೊಡನೆ ಪ್ಲೇಟ್ 'ಠಕ್' ಎಂದು ಹಿಂದೆ ಸರಿದು ಡಿಸ್ಕ್ ಸಡಿಲವಾಗುತ್ತದೆ. ಕರೆಂಟು ಹೋದರೂ ಲೋಡು ಬೀಳಬಾರದೆಂದೇ ಈ ಏರ್ಪಾಡು.

ಪ್ಲೇಟಿಗೂ ಕಾಯಿಲಿನ ಮುಖಕ್ಕೂ ನಡುವಿನ ಗ್ಯಾಪೇ ಇಲ್ಲಿ ಎಲ್ಲ. ನಾನು ನೋಡುವ ಸೈಜುಗಳಲ್ಲಿ ಅದು 0.3 ಮಿ.ಮೀ. ಲೈನಿಂಗ್ ಸವೆದಷ್ಟೂ ಗ್ಯಾಪ್ ಅಗಲವಾಗುತ್ತದೆ. ಗ್ಯಾಪ್ ಇಮ್ಮಡಿಯಾದರೆ ಎಳೆತ ಹೆಚ್ಚುಕಡಿಮೆ ಕಾಲು ಭಾಗಕ್ಕೆ ಇಳಿಯುತ್ತದೆ. ಆಗ ಪ್ಲೇಟ್ ಅರ್ಧಂಬರ್ಧ ಸರಿದು, ಮೋಟರ್ ಬ್ರೇಕನ್ನು ಉಜ್ಜಿಕೊಂಡೇ ತಿರುಗುತ್ತದೆ. ಲೈನಿಂಗ್ ಸೀದ ವಾಸನೆ ಬರುತ್ತದೆ. ಡಿಸಿ ಕಾಯಿಲಿನ ಕರೆಂಟು ಗ್ಯಾಪ್ ಅಗಲವಾದ ಮಾತ್ರಕ್ಕೆ ಏರುವುದಿಲ್ಲ. ಅದನ್ನು ಸುಡುವುದು ಪಕ್ಕದ ಲೈನಿಂಗಿನ ಬಿಸಿ.

ಗ್ಯಾಪ್ ಹೊಂದಿಸುವುದಕ್ಕೆ ಮೊದಲು ಹುಕ್ ಖಾಲಿ ಮಾಡಿ ನೆಲಕ್ಕೆ ಇಳಿಸುತ್ತೇನೆ, ಮೇನ್ ಆಫ್ ಮಾಡಿ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತೇನೆ. ಫ್ಯಾನ್ ಕವರ್, ಫ್ಯಾನ್, ರಬ್ಬರ್ ಸೀಲ್ ತೆಗೆದು ಫೀಲರ್ ಗೇಜಿನಿಂದ ಮೂರು ಕಡೆ ಅಳೆಯಬೇಕು, ಬ್ರೇಕನ್ನು ಹಿಡಿದಿರುವ ಮೂರು ಬೋಲ್ಟುಗಳಲ್ಲಿ ಪ್ರತಿಯೊಂದರ ಪಕ್ಕದಲ್ಲೂ ಒಂದು ಸಲ. 0.6 ದಾಟಿದ್ದರೆ ಹಾಗೇ ಬಿಡುವುದಿಲ್ಲ. ಮೂರು ಬೋಲ್ಟನ್ನೂ ಅರ್ಧ ಸುತ್ತು ಸಡಿಲಿಸಿ, ಅವುಗಳ ಸುತ್ತಲಿನ ಟೊಳ್ಳು ಸ್ಕ್ರೂವನ್ನು ಕಾಯಿಲಿನ ಬಾಡಿಯೊಳಗೆ ತಿರುಗಿಸಿದರೆ ಗ್ಯಾಪ್ ಕಿರಿದಾಗುತ್ತದೆ. ಬೋಲ್ಟ್ ಬಿಗಿದ ಮೇಲೆ ಮತ್ತೆ ಅಳೆಯಲೇಬೇಕು, ಬಿಗಿಯುವಾಗ ಗ್ಯಾಪ್ ಬದಲಾಗುತ್ತದೆ. ಒಂದು ಕಡೆ 0.3, ಇನ್ನೊಂದು ಕಡೆ 0.45 ಬಂದರೆ ಪ್ಲೇಟ್ ಓರೆಯಾಗಿದೆ ಎಂದರ್ಥ, ಶುರುವಿನಿಂದ ಮಾಡಿ. ಗೇರ್‌ಬಾಕ್ಸ್ ಎಣ್ಣೆ ಕುಡಿದ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವವರಿದ್ದಾರೆ. ದಯವಿಟ್ಟು ಬೇಡ. ಡಿಸ್ಕ್ ಬದಲಿಸಿ, ಎಣ್ಣೆ ಸೋರಲು ಬಿಟ್ಟ ಗೇರ್‌ಬಾಕ್ಸ್ ಸೀಲ್ ಕೂಡ ಬದಲಿಸಿ.

ಇನ್ನೊಂದು ದೊಡ್ಡ ತಪ್ಪು ಆಗುವುದು ರೆಕ್ಟಿಫೈಯರಿನಲ್ಲಿ, ಅಂದರೆ ಎಸಿಯನ್ನು ಡಿಸಿ ಮಾಡುವ ಡಬ್ಬಿಯಲ್ಲಿ. ಎಸಿಯ ಅರ್ಧ ಅಲೆಯನ್ನಷ್ಟೇ ಬಳಸುವ ಹಾಫ್ ವೇವ್ ಆದರೆ ಎಸಿಯ 0.45 ಪಾಲು, ಪೂರ್ತಿ ಬಳಸುವ ಬ್ರಿಜ್ ಆದರೆ 0.9 ಪಾಲು ಡಿಸಿ ಸಿಗುತ್ತದೆ. 230 ವೋಲ್ಟಿಗೆ ಕ್ರಮವಾಗಿ 103 ಮತ್ತು 207. 415ಕ್ಕೆ ಹಾಫ್ ವೇವ್‌ನಲ್ಲಿ 187. ಎರಡು ಡಬ್ಬಿಯೂ ನೋಡಲು ಒಂದೇ ತರ. 103 ವೋಲ್ಟ್ ಕಾಯಿಲಿಗೆ ಬ್ರಿಜ್ ಸಿಕ್ಕಿದರೆ ವೋಲ್ಟೇಜು ಎರಡು ಪಟ್ಟು, ಬಿಸಿ ನಾಲ್ಕು ಪಟ್ಟು. ಕಾಯಿಲ್ ಮೇಲಿನ ವೋಲ್ಟೇಜನ್ನು ಓದಿಯೇ ರೆಕ್ಟಿಫೈಯರ್ ತನ್ನಿ. ಕಾಯಿಲಿನ ಸುತ್ತು ಸರಿಯಿದೆಯೇ ಎಂದು ತಿಳಿಯಲು ಮೊದಲು ಓಮ್ ನೋಡಿ: 180 ವೋಲ್ಟ್, 45 ವಾಟ್ ಎಂದಿದ್ದರೆ ತಣ್ಣಗಿರುವಾಗ ಸುಮಾರು 720 ಓಮ್ ತೋರಿಸಬೇಕು.

ಲೋಡು ನಿಲ್ಲಿಸಿದಾಗ ಒಂದು ಗೇಣು ಜಾರಿ ನಿಲ್ಲುತ್ತಿದೆಯೇ? ಲೈನಿಂಗ್ ದೂರುವ ಮುಂಚೆ ವೈರಿಂಗ್ ನೋಡಿ. ರೆಕ್ಟಿಫೈಯರಿನ ಎಸಿ ಕಡೆ ಮಾತ್ರ ಕಡಿದರೆ ಕಾಯಿಲಿನ ಕರೆಂಟು ಡಯೋಡಿನ ಮೂಲಕ ಸುತ್ತುತ್ತಲೇ ಇರುತ್ತದೆ, ಪ್ಲೇಟ್ ಕಾಯಿಲನ್ನು ತಡವಾಗಿ ಬಿಟ್ಟು ಬ್ರೇಕ್ ತಡವಾಗಿ ಹಿಡಿಯುತ್ತದೆ. ಎತ್ತುವ ಯಂತ್ರದಲ್ಲಿ ಡಿಸಿ ಕಡೆಯನ್ನೂ ಕಾಂಟ್ಯಾಕ್ಟರಿನಿಂದ ಕಡಿಯಬೇಕು, ಅಲ್ಲಿ ಏಳುವ ಹೈ ವೋಲ್ಟೇಜನ್ನು ನುಂಗಲು ವ್ಯಾರಿಸ್ಟರ್ ಇರಬೇಕು. ಮೋಟರಿಗೆ ಹೊಸದಾಗಿ ಡ್ರೈವ್ (ಸ್ಪೀಡು ಹೆಚ್ಚುಕಡಿಮೆ ಮಾಡುವ ಸಾಧನ) ಹಾಕಿಸಿದವರು ಬ್ರೇಕಿನ ಸಪ್ಲೈಯನ್ನು ಮೋಟರ್ ಟರ್ಮಿನಲ್ಲಿನಲ್ಲೇ ಬಿಟ್ಟಿರುತ್ತಾರೆ. ಕಡಿಮೆ ಸ್ಪೀಡಿನಲ್ಲಿ ಅಲ್ಲಿ ಸಾಕಷ್ಟು ವೋಲ್ಟೇಜೇ ಇರುವುದಿಲ್ಲ, ಬ್ರೇಕ್ ತೆರೆಯುವುದಾದರೂ ಹೇಗೆ? ಬೇರೆ ಲೈನಿನಿಂದ ಕೊಡಿ.

ಬ್ರೇಕಿನ ಸೈಜಿಗೆ ಸುಲಭ ಲೆಕ್ಕವಿದೆ. 3.7 ಕಿಲೋವಾಟ್, 1440 ಆರ್‌ಪಿಎಂ ಮೋಟರಿನ ಟಾರ್ಕ್ 9550 × 3.7 ÷ 1440, ಅಂದರೆ ಸುಮಾರು 24.5 ನ್ಯೂಟನ್ ಮೀಟರ್. ಹೊಯ್ಸ್ಟಿಗೆ ಒಂದೂವರೆ ಪಟ್ಟು ಬೇಕು, ಹಾಗಾಗಿ 40ರದ್ದು ಹಾಕುತ್ತೇನೆ.

ನಮ್ಮ ಕರಾವಳಿಯಲ್ಲಿ ಇಷ್ಟರ ಮೇಲೆ ಉಪ್ಪುಗಾಳಿಯ ಕಾಟ. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲ್ ಬೋಟುಗಳು ದಕ್ಕೆಯಲ್ಲೇ ಇರುವಾಗ ಹಲವು ಹೊಯ್ಸ್ಟುಗಳೂ ಸುಮ್ಮನೆ ನಿಂತಿರುತ್ತವೆ. ಪ್ಲೇಟಿನ ತುಕ್ಕು ಲೈನಿಂಗಿಗೆ ಅಂಟಿಕೊಳ್ಳುತ್ತದೆ. ಆಗಸ್ಟಿನಲ್ಲಿ ಸ್ವಿಚ್ ಒತ್ತಿದರೆ 'ಠಕ್' ಕೇಳುತ್ತದೆ, ಮೋಟರ್ ಮಾತ್ರ ಗುಂಯ್ಗುಟ್ಟಿ ಟ್ರಿಪ್ ಆಗುತ್ತದೆ. ಮತ್ತೆ ಮತ್ತೆ ಒತ್ತಬೇಡಿ. ಮೇನ್ ಆಫ್ ಮಾಡಿ, ಖಾಲಿ ಹುಕ್ಕಿನಲ್ಲಿ ಬ್ರೇಕ್ ಬಿಡಿಸುವ ಹ್ಯಾಂಡ್ ರಿಲೀಸ್ ಎಳೆದು ಫ್ಯಾನನ್ನು ಕೈಯಿಂದ ತಿರುಗಿಸಿ, ಆಮೇಲೆ ಬಿಚ್ಚಿ ಎಮರಿ ಪೇಪರಿನಿಂದ ಪ್ಲೇಟ್ ಉಜ್ಜಿ. ಐಸ್ ಪ್ಲಾಂಟಿನಲ್ಲಿ ಅಮೋನಿಯ ಸ್ವಲ್ಪ ಸೋರಿದರೂ ಒದ್ದೆ ಗಾಳಿಯಲ್ಲಿ ತಾಮ್ರದ ತುದಿಗಳನ್ನು ತಿನ್ನುತ್ತದೆ. ತವರ ಹಾಕಿದ ಲಗ್ ಬಳಸಿ. ಇನ್ಸುಲೇಶನ್ ಅಳೆಯುವ ಮೆಗ್ಗರ್ 1 ಮೆಗಓಮಿಗಿಂತ ಕೆಳಗೆ ತೋರಿಸಿದರೆ ಕಾಯಿಲನ್ನು ಒಣಗಿಸದೆ ಕರೆಂಟು ಕೊಡಬೇಡಿ.

ಆಗುಂಬೆ ಇಳಿಯುವ ಬಸ್ಸುಗಳಲ್ಲಿ ವಿದ್ಯುತ್ಕಾಂತ ರಿಟಾರ್ಡರ್ (ಇಳಿತದಲ್ಲಿ ವೇಗ ತಗ್ಗಿಸುವ ಸಾಧನ) ಇದ್ದರೆ ಅದರ ಸ್ವಭಾವ ಹೊಯ್ಸ್ಟಿನ ಬ್ರೇಕಿಗೆ ಉಲ್ಟಾ. ಅಲ್ಲಿ ಕರೆಂಟು ಕೊಟ್ಟಾಗಲೇ ತಡೆ. ಪ್ರೊಪೆಲರ್ ಶಾಫ್ಟಿನ ಜೊತೆ ತಿರುಗುವ ಉಕ್ಕಿನ ರೋಟರಿನಲ್ಲಿ ಸುಳಿ ಪ್ರವಾಹ ಹುಟ್ಟಿ, ಇಳಿತದ ಶಕ್ತಿ ಬಿಸಿಯಾಗಿ ಹೋಗುತ್ತದೆ. 16 ಟನ್ ಬಸ್ಸು 100 ಮೀಟರ್ ಕೆಳಗಿಳಿದರೆ ಸುಮಾರು 4.4 ಯೂನಿಟ್ ಕರೆಂಟಿನಷ್ಟು ಶಕ್ತಿ ಎಲ್ಲಾದರೂ ಹೋಗಬೇಕಲ್ಲ. ರೋಟರ್ ಬಿಸಿಯಾದಂತೆ ತಡೆಯೂ ಕುಗ್ಗುತ್ತದೆ, ನಿಂತ ಬಸ್ಸನ್ನಂತೂ ಅದು ಹಿಡಿಯುವುದೇ ಇಲ್ಲ. ಘಾಟಿ ಇಳಿದ ಕೂಡಲೇ ರೋಟರಿಗೆ ನೀರು ಹೊಡೆಯಬೇಡಿ, ಬಿರುಕು ಬಿಡುತ್ತದೆ. ನಾಲ್ಕು ಹಂತದ್ದಾದರೆ ಕ್ಲಾಂಪ್ ಮೀಟರ್ ಹಾಕಿ ಹಂತ ಹಂತವಾಗಿ ಒತ್ತಿ; ಪ್ರತಿ ಹಂತಕ್ಕೂ ಆಂಪಿಯರ್ ಹೆಚ್ಚುಕಡಿಮೆ ಸಮನಾಗಿ ಏರಬೇಕು. ಒಂದರಲ್ಲಿ ಏರದಿದ್ದರೆ ಆ ಹಂತದ ರಿಲೇ ಪಾಯಿಂಟ್ ಸುಟ್ಟಿದೆ, ಇಲ್ಲವೇ ಕಾಯಿಲ್ ಓಪನ್, ಅಂದರೆ ಒಳಗೆ ತಂತಿ ಕಡಿದಿದೆ. ಎಲ್ಲದರಲ್ಲೂ ಕಡಿಮೆ ಬಂದರೆ ಪೂರ್ತಿ ಹಂತ ಹಾಕಿ ಬ್ಯಾಟರಿ ನೆಗೆಟಿವ್‌ಗೂ ಸ್ಟೇಟರ್ (ಕಾಯಿಲ್‌ಗಳಿರುವ, ತಿರುಗದ ಭಾಗ) ಬಾಡಿಗೂ ನಡುವೆ ವೋಲ್ಟೇಜು ನೋಡಿ. ಅರ್ಧ ವೋಲ್ಟಿಗಿಂತ ಹೆಚ್ಚಿದ್ದರೆ ಅರ್ಥ್ ಬೋಲ್ಟ್ ಬಿಚ್ಚಿ ಹೊಳೆಯುವ ತನಕ ಉಜ್ಜಿ, ಬಿಗಿದು, ಮೇಲೆ ವ್ಯಾಸಲಿನ್ ಹಚ್ಚಿ.