ಸುತ್ತಿಗೆ ಬದಿಗಿಡಿ, ಪುಲ್ಲರ್ ಹಿಡಿಯಿರಿ: ಪವರ್ ಸ್ಟಿಯರಿಂಗ್ ಪುಲ್ಲಿ ಬಿಚ್ಚುವ ಬಗೆ

ಸಂಪಾಜೆಯಿಂದ ಮಡಿಕೇರಿಗೆ ಹತ್ತುವಾಗ ಒಂದು ತಿರುವು ಮುಗಿಯುವಷ್ಟರಲ್ಲಿ ಇನ್ನೊಂದು ಎದುರಾಗುತ್ತದೆ. ಗೊಬ್ಬರದ ಮೂಟೆ ಹೇರಿಕೊಂಡ ಪಿಕಪ್ಪಿನ ಸ್ಟಿಯರಿಂಗ್ ಅಲ್ಲಿ ಬಿಗಿಯಾದರೆ ತೋಳು ಸೋತುಹೋಗುತ್ತದೆ. ಅದಕ್ಕೇ ನಮ್ಮ ಕಡೆ ಪವರ್ ಸ್ಟಿಯರಿಂಗ್ ಪಂಪು ಕೆಟ್ಟರೆ ಯಾರೂ ನಾಳೆ ನೋಡೋಣ ಅನ್ನುವುದಿಲ್ಲ. ಆ ಅವಸರದಲ್ಲೇ ಪಂಪಿನ ಮುಂದಿರುವ ಪುಲ್ಲಿಗೆ, ಅಂದರೆ ಬೆಲ್ಟು ಓಡುವ ಗಾಲಿಗೆ, ಏಟು ಬೀಳುತ್ತದೆ.

ಕೆಲವು ವರ್ಷದ ಹಿಂದೆ, ಜೋರು ಮಳೆಗಾಲದಲ್ಲಿ, ನಮ್ಮ ತೋಟದ ಜೀಪಿನ ಪಂಪಿನಿಂದ ಎಣ್ಣೆ ಸೋರತೊಡಗಿತು. ಸೀಲು ಬದಲಿಸಿದ್ದರೆ ಸಾಕಿತ್ತು. ಗ್ಯಾರೇಜೊಂದರಲ್ಲಿ ಪುಲ್ಲಿಯ ಹಿಂದೆ ಎರಡು ಕಬ್ಬಿಣದ ಪಟ್ಟಿ ತೂರಿಸಿ ಮೀಟಿದರು, ಶಾಫ್ಟಿನ ತುದಿಗೆ ಸುತ್ತಿಗೆಯಲ್ಲಿ ಹೊಡೆದರು. ಪುಲ್ಲಿ ಬಂತು. ಆದರೆ ಬೋಲ್ಟು ಕೂರುವ ಅಲ್ಯುಮಿನಿಯಂ ಕಿವಿ ಮುರಿಯಿತು, ಪುಲ್ಲಿಯ ಅಂಚು ಸೊಟ್ಟಗಾಯಿತು. ಕೊನೆಗೆ ಇಡೀ ಪಂಪನ್ನೇ ಹೊಸದು ಹಾಕಿಸಿದೆ. ಆ ನಷ್ಟ ಇನ್ನೊಬ್ಬರಿಗೆ ಆಗಬಾರದು ಎಂದೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ನೋಡಬೇಕಾದ್ದು

ಈಚಿನ ಎಷ್ಟೋ ಸಣ್ಣ ಕಾರುಗಳಲ್ಲಿ ಸ್ಟಿಯರಿಂಗಿಗೆ ಕರೆಂಟಿನ ಮೋಟಾರಿದೆ. ಅವುಗಳಲ್ಲಿ ಈ ಪಂಪು, ಪುಲ್ಲಿ ಏನೂ ಇಲ್ಲ. ಎಣ್ಣೆಯ ಪಂಪಿರುವ ಗಾಡಿಯಾದರೆ ಪುಲ್ಲಿಯ ನಡುಮಧ್ಯ ಟಾರ್ಚು ಬಿಟ್ಟು ನೋಡಿ. ಅಲ್ಲಿ ನಟ್ಟು ಇದ್ದರೆ ಪುಲ್ಲಿ ತಿರುಗದಂತೆ ಹಿಡಿದು ಅದನ್ನು ಬಿಚ್ಚಬೇಕು. ನಟ್ಟಿಲ್ಲದೆ, ಒಳಗೆ ಮರೆ (ಸ್ಕ್ರೂ ಕೂರುವ ಸುರುಳಿ ಗೆರೆ, ಥ್ರೆಡ್) ಇರುವ ತೂತಿನ ಶಾಫ್ಟಷ್ಟೇ ಕಂಡರೆ ಅದು ಒತ್ತಿ ಕೂರಿಸಿದ ಪುಲ್ಲಿ. ಶಾಫ್ಟಿಗಿಂತ ಪುಲ್ಲಿಯ ತೂತು ಕೂದಲೆಳೆಯಷ್ಟು ಚಿಕ್ಕದು. ಬರೀ ಆ ಬಿಗಿತದ ಮೇಲೇ ಅದು ನಿಂತಿರುತ್ತದೆ.

ಇನ್ನೊಂದು ಮಾತು. ಕೆಲವು ಗಾಡಿಗಳಲ್ಲಿ ಪುಲ್ಲಿಯಲ್ಲಿರುವ ಕಿಂಡಿಗಳ ಮೂಲಕವೇ ಪಂಪಿನ ಬೋಲ್ಟುಗಳು ಕೈಗೆ ಸಿಗುತ್ತವೆ. ಹಾಗಿದ್ದರೆ ಪುಲ್ಲಿ ಸಮೇತ ಪಂಪನ್ನು ಹೊರಗೆ ತೆಗೆದು ಮೇಜಿನ ಮೇಲೆ ಕೆಲಸ ಮಾಡಿ. ಇಕ್ಕಟ್ಟಿನಲ್ಲಿ ಕೈ ತೂರಿಸುವುದಕ್ಕಿಂತ ಇದು ಎಷ್ಟೋ ವಾಸಿ.

ಸುತ್ತಿಗೆ ಯಾಕೆ ಬೇಡ?

ಶಾಫ್ಟಿಗೆ ಹೊಡೆದ ಏಟು ಪುಲ್ಲಿಯಲ್ಲಿ ನಿಲ್ಲುವುದಿಲ್ಲ, ಪಂಪಿನ ಒಳಗೆ ಹೋಗುತ್ತದೆ. ಅಲ್ಲಿ ಬೇರಿಂಗಿದೆ, ಸೀಲಿದೆ, ಎಣ್ಣೆ ತಳ್ಳುವ ತೆಳ್ಳಗಿನ ಎಸಳುಗಳಿವೆ. ಅಂಚಿಗೆ ಮೂರು ಕಾಲಿನ ಪುಲ್ಲರ್ (ಎಳೆದು ಬಿಚ್ಚುವ ಸಾಧನ) ಹಾಕಿ ಎಳೆದರೂ ಕಷ್ಟವೇ, ತಗಡಿನ ಪುಲ್ಲಿ ಬಾಗುತ್ತದೆ, ಪ್ಲಾಸ್ಟಿಕ್ಕಿನದು ಸೀಳುತ್ತದೆ.

ಇದಕ್ಕೆಂದೇ ಮಾಡಿದ ಪುಲ್ಲರ್ ಬೇರೆಯೇ ಇದೆ. ಪುಲ್ಲಿಯ ನಡುವಿನ ಕುತ್ತಿಗೆಯಲ್ಲಿ ಸುತ್ತಲೂ ಒಂದು ತೋಡು ಕೊರೆದಿರುತ್ತದೆ, ಗಮನಿಸಿ. ಪುಲ್ಲರಿನ ಎರಡು ಅರ್ಧಗಳು ಆ ಕುತ್ತಿಗೆಯನ್ನು ಕಚ್ಚಿ ಹಿಡಿಯುತ್ತವೆ. ಅವು ಬಿಚ್ಚಿಕೊಳ್ಳದಂತೆ ಮೇಲೊಂದು ಬಳೆ ಕೂರುತ್ತದೆ. ನಡುವಿನ ಸ್ಕ್ರೂ ತಿರುಗಿಸಿದರೆ ಅದು ಶಾಫ್ಟನ್ನು ಒತ್ತುತ್ತದೆ, ಅದೇ ಹೊತ್ತಿಗೆ ಕುತ್ತಿಗೆಯನ್ನು ಹೊರಕ್ಕೆ ಎಳೆಯುತ್ತದೆ. ಎಳೆತ, ಒತ್ತು ಎರಡೂ ಪುಲ್ಲಿ ಮತ್ತು ಶಾಫ್ಟಿನ ನಡುವೆಯೇ ಮುಗಿದುಹೋಗುತ್ತವೆ. ಪಂಪಿಗೆ ಅದರ ಸುದ್ದಿಯೂ ಮುಟ್ಟುವುದಿಲ್ಲ. ಇಡೀ ಕೆಲಸದ ಗುಟ್ಟು ಇದೇ. ಮಡಿಕೇರಿ, ಗೋಣಿಕೊಪ್ಪಲಿನ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಿ. ಸಿಗದಿದ್ದರೆ ಮೈಸೂರಿನಿಂದ ತರಿಸಿ, ಬರುವ ತನಕ ಕಾಯಿರಿ.

ಬಿಚ್ಚುವಾಗ

ಗಾಡಿಯನ್ನು ಇಳಿಜಾರಿನಲ್ಲಿ ನಿಲ್ಲಿಸಿ ಈ ಕೆಲಸಕ್ಕೆ ಕೈ ಹಾಕಬೇಡಿ. ಕೊಯ್ಲಿನ ಕಾಲ ಅಲ್ಲದಿದ್ದರೆ ಕಾಫಿ ಕಣಕ್ಕಿಂತ ಒಳ್ಳೆಯ ಸಮತಟ್ಟು ಜಾಗ ಇಲ್ಲ. ಎಂಜಿನ್ ತಣ್ಣಗಾಗಲಿ. ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ. ಬೆಲ್ಟು ಯಾವ ಪುಲ್ಲಿಯ ಮೇಲೆ ಹೇಗೆ ಹೋಗಿದೆ ಎಂದು ಫೋಟೊ ತೆಗೆದುಕೊಂಡು, ಆಮೇಲೆ ಬೆಲ್ಟು ಸಡಿಲಿಸಿ ತೆಗೆಯಿರಿ. ಸ್ಪ್ಯಾನರ್ ಜಾರಿದರೆ ರೇಡಿಯೇಟರಿನ ರೆಕ್ಕೆಗಳಿಗೆ ತಾಗಬಾರದು, ಮುಂದೆ ದಪ್ಪ ರಟ್ಟು ನಿಲ್ಲಿಸಿ.

ನಮ್ಮ ಮಳೆಗೆ ತುಕ್ಕು ಜಾಸ್ತಿ. ಹಿಂದಿನ ರಾತ್ರಿಯೇ ಶಾಫ್ಟು ಮತ್ತು ಪುಲ್ಲಿ ಸೇರುವಲ್ಲಿ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಬೆಲ್ಟಿಗೆ ಅದು ಸಿಡಿಯದಿರಲಿ. ಕುತ್ತಿಗೆಯ ತೋಡಿನಲ್ಲಿ ಕೂತ ಕೆಸರನ್ನು ತಂತಿ ಬ್ರಷ್ಷಿನಿಂದ ಪೂರ್ತಿ ತೆಗೆಯಿರಿ. ಅಲ್ಲಿ ಮಣ್ಣಿದ್ದರೆ ಪುಲ್ಲರ್ ಅರ್ಧಂಬರ್ಧ ಕಚ್ಚಿ, ಜೋರು ಬಿದ್ದಾಗ ಜಾರಿ ಕುತ್ತಿಗೆಯನ್ನೇ ಹರಿಯುತ್ತದೆ.

ಈಗ ಎಲ್ಲರೂ ಮರೆಯುವ ಕೆಲಸ. ಶಾಫ್ಟಿನ ತುದಿ ಪುಲ್ಲಿಯ ಮುಖಕ್ಕಿಂತ ಎಷ್ಟು ಒಳಗಿದೆ, ಇಲ್ಲವೇ ಎಷ್ಟು ಹೊರಗಿದೆ ಎಂದು ಅಳೆದು ಬರೆದಿಡಿ. ಸಮಸಮ ಇದ್ದರೆ ಹಾಗೆಂದೇ ಬರೆಯಿರಿ. ಮತ್ತೆ ಕೂರಿಸುವಾಗ ಈ ಒಂದು ಅಳತೆಯೇ ಗತಿ.

ಪುಲ್ಲರಿನ ಸ್ಕ್ರೂಗೆ ಗ್ರೀಸ್ ಸವರಿ, ನೇರವಾಗಿ ಕೂರಿಸಿ. ಒಂದು ಸ್ಪ್ಯಾನರಿನಲ್ಲಿ ಪುಲ್ಲರಿನ ಮೈ ಹಿಡಿದು, ಇನ್ನೊಂದರಲ್ಲಿ ಸ್ಕ್ರೂವನ್ನು ನಿಧಾನ ತಿರುಗಿಸಿ. ಗಾಳಿಯ ಒತ್ತಡದಿಂದ ಬೋಲ್ಟು ತಿರುಗಿಸುವ ಗನ್ನು ಬೇಡ. ಅಲುಗದಿದ್ದರೆ ಬಿಗಿದ ಹಾಗೇ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಪ್ರಯತ್ನಿಸಿ. ಬೆಂಕಿ ಹಿಡಿಯಲೇಬೇಡಿ, ಸೀಲಿನ ರಬ್ಬರ್ ಸುಡುತ್ತದೆ, ಸ್ಟಿಯರಿಂಗ್ ಎಣ್ಣೆಗೂ ಬೆಂಕಿ ಹತ್ತುತ್ತದೆ.

ಮತ್ತೆ ಕೂರಿಸುವಾಗ

ಕೂರಿಸುವುದಕ್ಕೂ ಬೇರೆ ಸಾಧನವಿದೆ. ಅದರ ಉದ್ದನೆಯ ಸ್ಟಡ್ಡು (ತಲೆಯಿಲ್ಲದ ಬೋಲ್ಟು) ಶಾಫ್ಟಿನ ಮರೆಗೆ ಪೂರ್ತಿ ಇಳಿಯಬೇಕು. ಎರಡೇ ಸುತ್ತು ತಿರುಗಿಸಿ ನಿಲ್ಲಿಸಿದರೆ ಮರೆ ಕಿತ್ತು ಬರುತ್ತದೆ. ನಟ್ಟು ಬಿಗಿಯುತ್ತ ಹೋದಂತೆ ಪುಲ್ಲಿ ಒಳಗೆ ಸರಿಯುತ್ತದೆ. ಬರೆದಿಟ್ಟ ಅಳತೆ ಬಂದ ಕೂಡಲೇ ನಿಲ್ಲಿಸಿ. ಹಳೆಯ ಪುಲ್ಲಿ ಬರೀ ಕೈಯಲ್ಲೇ ಶಾಫ್ಟಿಗೆ ಜಾರಿ ಕೂತರೆ ಅದರ ಬಿಗಿ ಹೋಗಿದೆ ಎಂದರ್ಥ, ಹೊಸದು ಹಾಕಿ.

ನೇರವಾದ ಒಂದು ಪಟ್ಟಿಯನ್ನು ಪಕ್ಕದ ಪುಲ್ಲಿಗೂ ಇದಕ್ಕೂ ತಾಗಿಸಿ, ಬೆಲ್ಟಿನ ಕೊರೆಗಳು ಒಂದೇ ಸಾಲಿನಲ್ಲಿವೆಯೇ ನೋಡಿ. ಪಂಪು ಬಿಚ್ಚಿದ್ದರೆ ಗಾಡಿಯ ಕೈಪಿಡಿಯಲ್ಲಿ ಹೇಳಿದ ಎಣ್ಣೆಯನ್ನೇ ತುಂಬಿಸಿ. ಹಿಂದಿನ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಮುಂದಿನ ಚಕ್ರಗಳನ್ನು ಜಾಕಿನಿಂದ ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಎಂಜಿನ್ ಹಾಕದೆಯೇ ಸ್ಟಿಯರಿಂಗನ್ನು ಎಡದ ಕೊನೆಯಿಂದ ಬಲದ ಕೊನೆಗೆ ಹತ್ತಿಪ್ಪತ್ತು ಸಲ ತಿರುಗಿಸಿ. ಡಬ್ಬಿಯಲ್ಲಿ ಗುಳ್ಳೆ ನಿಲ್ಲುವ ತನಕ ಎಣ್ಣೆ ಸೇರಿಸುತ್ತಿರಿ. ಆಮೇಲೆ ಬೆಲ್ಟು ಫೋಟೊದಲ್ಲಿದ್ದಂತೆ ಹಾಕಿ, ಬ್ಯಾಟರಿಯ ತಂತಿ ಜೋಡಿಸಿ, ಎಂಜಿನ್ ಹಾಕಿ.

ಒದ್ದೆ ಬೆಳಗ್ಗೆ ಬೆಲ್ಟು ಒಂದೆರಡು ಗಳಿಗೆ ಕೀರಲಿದರೆ ಹೆದರಬೇಕಾಗಿಲ್ಲ. ಒಣಗಿದ ಮೇಲೂ ಕೀರಲು ನಿಲ್ಲದಿದ್ದರೆ, ಬೆಲ್ಟಿನ ಒಂದು ಬದಿ ಮಾತ್ರ ನಾರು ಬಿಡುತ್ತಿದ್ದರೆ, ಪುಲ್ಲಿ ಸಾಲು ತಪ್ಪಿ ಕೂತಿರಬಹುದು. ಮತ್ತೆ ಅಳತೆ ಹಿಡಿದು ಸರಿಪಡಿಸಿ.