ಐಸ್‌ಲ್ಯಾಂಡಿಗೆ ಬಂದಿದ್ದೀರಾ? ಮೊದಲ ವರ್ಷ ಮನೆಯೊಳಗೆ ಕೂರಬೇಡಿ

ರೇಕ್ಯಾವಿಕ್‌ಗೆ ಹೊಸದಾಗಿ ಬರುವ ನಮ್ಮ ಕಡೆಯವರು ನನ್ನನ್ನು ಕೇಳುವುದು ಎರಡೇ ಪ್ರಶ್ನೆ. ಅಕ್ಕಿ, ಬೇಳೆ ಎಲ್ಲಿ ಸಿಗುತ್ತೆ? ಚಳಿ ತಡೆಯೋದು ಹೇಗೆ? ಇವೆರಡಕ್ಕೂ ವಾರದೊಳಗೆ ಉತ್ತರ ಸಿಕ್ಕಿಬಿಡುತ್ತದೆ. ಈ ಊರಿನವರ ಜೊತೆ ಬೆರೆಯೋದು ಹೇಗೆ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಸಾಗರದ ಹತ್ತಿರದ ಹಳ್ಳಿಯವಳು. ಇಲ್ಲಿ ಲೇಕ್‌ಸ್ಕೋಲಿಯಲ್ಲಿ, ಅಂದರೆ ಪುಟ್ಟ ಮಕ್ಕಳ ಶಾಲೆಯಲ್ಲಿ, ಕೆಲಸ ಮಾಡುತ್ತೇನೆ. ಬಂದ ಮೊದಲ ವರ್ಷ ಜೂನ್ 17ರಂದು, ಇಲ್ಲಿನ ರಾಷ್ಟ್ರೀಯ ದಿನದಂದು, ಕಿಟಕಿ ಪಕ್ಕ ಕೂತಿದ್ದೆ. ಬೀದಿ ತುಂಬ ಬಾವುಟ, ಮಕ್ಕಳ ಕೈಯಲ್ಲಿ ಬಲೂನು. ನಮ್ಮನ್ನು ಯಾರೂ ಕರೆಯಲಿಲ್ಲವಲ್ಲ ಅಂತ ಸಂಕಟವಾಗಿತ್ತು. ಇಲ್ಲಿ ಯಾರೂ ಯಾರನ್ನೂ ಕರೆಯುವುದಿಲ್ಲ ಅಂತ ಆಮೇಲೆ ತಿಳಿಯಿತು. ನಮ್ಮೂರ ತೇರಿಗೆ ಯಾರಾದರೂ ಕಾರ್ಡು ಕೊಟ್ಟು ಕರೀತಾರಾ? ಇದೂ ಹಾಗೇ. ಸುಮ್ನೆ ಹೋಗಬೇಕು.

ಹಬ್ಬಗಳಿಗಿಂತ ಮೊದಲು ಈಜುಕೊಳಕ್ಕೆ ಹೋಗಿ. ಈಜು ಬರಲೇಬೇಕೆಂದಿಲ್ಲ. ಭೂಮಿಯೊಳಗಿಂದ ಬರುವ ಬಿಸಿನೀರಿನ ದೇಶ ಇದು. ಕೊಳದ ಪಕ್ಕದಲ್ಲೇ ಬಿಸಿನೀರಿನ ತೊಟ್ಟಿಗಳಿರುತ್ತವೆ. ಹಿಮ ಬೀಳುತ್ತಿದ್ದರೂ ಜನ ಕುತ್ತಿಗೆಯವರೆಗೆ ಮುಳುಗಿ ಕೂತಿರುತ್ತಾರೆ. ನಮ್ಮ ಕಡೆ ಅರಳಿಕಟ್ಟೆ ಇದ್ದ ಹಾಗೆ. ರಾಜಕೀಯ, ಮೀನಿನ ರೇಟು, ಯಾರ ಮನೆಯಲ್ಲಿ ಮದುವೆ, ಎಲ್ಲ ಅಲ್ಲೇ. ನೀರಿಗಿಳಿಯುವ ಮೊದಲು ಬಟ್ಟೆ ಪೂರ್ತಿ ತೆಗೆದು ಸೋಪು ಹಚ್ಚಿ ತೊಳೆದುಕೊಳ್ಳಲೇಬೇಕು. ಹೆಂಗಸರಿಗೂ ಗಂಡಸರಿಗೂ ಬೇರೆ ಬೇರೆ ಕೋಣೆಗಳಿವೆ. ನಮಗೆ ಮೊದಮೊದಲು ಕಷ್ಟವಾಗುತ್ತದೆ, ನಿಜ. ಮೂರನೇ ಸಲಕ್ಕೆ ಅಭ್ಯಾಸವಾಗುತ್ತದೆ. ಮಾತು ಶುರು ಮಾಡಲು ಹವಾಮಾನ ಸಾಕು. ಸರ್, ಮೇಡಂ ಬೇಡ. ಇಲ್ಲಿ ರಾಷ್ಟ್ರಪತಿಯನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ಮನೆತನದ ಹೆಸರು ಬಹಳ ಜನಕ್ಕೆ ಇರುವುದೇ ಇಲ್ಲ. ಅಪ್ಪ ಅಥವಾ ಅಮ್ಮನ ಹೆಸರಿಗೆ ಮಗ, ಮಗಳು ಅಂತ ಸೇರಿಸಿಕೊಳ್ಳುತ್ತಾರೆ, ಅಷ್ಟೆ.

ಈಗ ವರ್ಷಕ್ಕೆ ಬರೋಣ. ನಾನು ಜನವರಿಯಿಂದ ಎಣಿಸುವುದಿಲ್ಲ. ಏಪ್ರಿಲ್ 19ರಿಂದ 25ರ ನಡುವೆ ಬರುವ ಗುರುವಾರ ಇಲ್ಲಿ 'ಬೇಸಿಗೆಯ ಮೊದಲ ದಿನ'. ರಜೆ ಇರುತ್ತದೆ. ಹಳೆಯ ಐಸ್‌ಲ್ಯಾಂಡಿನ ಲೆಕ್ಕದಲ್ಲಿ ವರ್ಷಕ್ಕೆ ಎರಡೇ ಕಾಲ, ಚಳಿಗಾಲ ಮತ್ತು ಬೇಸಿಗೆ. ಹಿಂದಿನ ರಾತ್ರಿ ಹೊರಗಿಟ್ಟ ನೀರು ಹೆಪ್ಪುಗಟ್ಟಿದರೆ ಒಳ್ಳೆಯ ಬೇಸಿಗೆ ಬರುತ್ತದೆ ಅನ್ನುವ ನಂಬಿಕೆಯಿದೆ. ನಮ್ಮ ಯುಗಾದಿ ಕಳೆದು ಕೆಲವೇ ವಾರಕ್ಕೆ ಇದು ಬರುತ್ತದೆ, ಹಾಗಾಗಿ ನನಗೆ ಎರಡನೇ ಯುಗಾದಿ ಅನ್ನಿಸುತ್ತದೆ. ಪ್ರತಿ ವರ್ಷ ಒಂದು ಸ್ಟೀಲ್ ಬಟ್ಟಲಲ್ಲಿ ನೀರು ಹಾಕಿ ಬಾಲ್ಕನಿಯಲ್ಲಿಡುತ್ತೇನೆ. ಬೆಳಿಗ್ಗೆ ಎದುರಿಗೆ ಸಿಕ್ಕವರಿಗೆಲ್ಲ 'ಗ್ಲೆದಿಲೆಕ್ಟ್ ಸುಮಾರ್' ಅನ್ನಿ. ಬೇಸಿಗೆಯ ಶುಭಾಶಯ ಅಂತ ಅರ್ಥ. ಹಿಮ ಸುರಿಯುತ್ತಿದ್ದರೂ ಹೇಳಬೇಕು.

ಮೇ ತಿಂಗಳ ಒಂದು ಮಾತು. ನಾಲ್ಕು ವರ್ಷಕ್ಕೊಮ್ಮೆ ಮೇನಲ್ಲಿ ನಗರಸಭೆಗಳ ಚುನಾವಣೆ ನಡೆಯುತ್ತದೆ. ಇಲ್ಲಿ ಕಾನೂನುಬದ್ಧವಾಗಿ ಮೂರು ವರ್ಷ ವಾಸವಿದ್ದರೆ ನಮಗೂ ಮತವಿದೆ, ಪೌರತ್ವ ಬೇಕಿಲ್ಲ. ದಯವಿಟ್ಟು ಹೋಗಿ ಓಟು ಹಾಕಿ. ನಿಮ್ಮ ಮಗುವಿನ ಶಾಲೆ, ಬಸ್ಸು, ಈಜುಕೊಳ, ಎಲ್ಲವನ್ನೂ ನಡೆಸುವುದು ನಗರಸಭೆಯೇ.

ಜೂನ್ 17 ದೇಶದ ದಿನ. 1944ರಲ್ಲಿ ಥಿಂಗ್‌ವೆಟ್ಲಿರ್‌ನಲ್ಲಿ ಗಣರಾಜ್ಯ ಘೋಷಣೆಯಾದದ್ದು ಇದೇ ದಿನ. ಕ್ರಿ.ಶ. 930ರಲ್ಲಿ ಇವರ ಸಂಸತ್ತು ಮೊದಲು ಸೇರಿದ ಬಯಲೂ ಅದೇ. ಸ್ವಾತಂತ್ರ್ಯಕ್ಕೆ ಹೋರಾಡಿದ ಯೋನ್ ಸಿಗುರ್ಡ್ಸನ್ ಹುಟ್ಟಿದ ದಿನವೆಂದು ಈ ತಾರೀಕು ಆರಿಸಿಕೊಂಡರು. ಬೆಳಿಗ್ಗೆ ಸಂಸತ್ತಿನ ಮುಂದಿನ ಔಸ್ಟುರ್‌ವೊಟ್ಲುರ್ ಚೌಕಕ್ಕೆ ಹೋಗಿ. ಯೋನ್ ಪ್ರತಿಮೆಗೆ ಹೂವಿನ ಚಕ್ರ ಇಟ್ಟ ಮೇಲೆ 'ಫ್ಯಾಟ್ಲ್‌ಕೋನಾ' ಬರುತ್ತಾಳೆ. ಬೆಟ್ಟದ ಹೆಣ್ಣು ಅಂತ ಅರ್ಥ. ನಾನು ಬೆಟ್ಟದವ್ವ ಅನ್ನುತ್ತೇನೆ. ತಲೆ ಮೇಲೆ ಕಿರೀಟ, ಬಿಳಿಯ ಮುಸುಕು. ಆ ವರ್ಷ ಆ ವೇಷ ಹಾಕುವವರು ಯಾರೆಂದು ಮೊದಲೇ ಹೇಳುವುದಿಲ್ಲ. ಅವಳು ಒಂದು ಕವಿತೆ ಓದುತ್ತಾಳೆ. ಇಡೀ ನಾಡೇ ಹೆಣ್ಣಾಗಿ ನಿಂತು ಮಾತಾಡಿದ ಹಾಗಿರುತ್ತದೆ. ಮೊದಲ ಸಲ ಕೇಳಿದಾಗ ನವೆಂಬರ್ ಒಂದರಂದು ನಮ್ಮೂರ ಶಾಲೆಯಲ್ಲಿ ಭುವನೇಶ್ವರಿ ತಾಯಿಯ ಪಟದ ಮುಂದೆ ನಿಂತದ್ದು ನೆನಪಾಗಿ ಕಣ್ಣು ತುಂಬಿತು. ಮಳೆ ಅಂಗಿ ಮರೆಯಬೇಡಿ. ಛತ್ರಿ ಈ ಗಾಳಿಗೆ ನಿಲ್ಲುವುದಿಲ್ಲ.

ಆಗಸ್ಟ್‌ನಲ್ಲಿ ರೇಕ್ಯಾವಿಕ್‌ನ ಸಂಸ್ಕೃತಿ ರಾತ್ರಿ ಬರುತ್ತದೆ. 1996ರಿಂದ ನಡೆಯುತ್ತಿದೆ. ಕೆಲವು ಮನೆಯವರು ಅವತ್ತು ಬಾಗಿಲು ತೆರೆದಿಟ್ಟು ಬಂದವರಿಗೆಲ್ಲ ಬಿಸಿ ವಾಫಲ್, ಕಾಫಿ ಕೊಡುತ್ತಾರೆ. ಪರಿಚಯ ಇರಬೇಕಿಲ್ಲ. ಚಪ್ಪಲಿ ಮಾತ್ರ ಹೊರಗೆ ಬಿಡಿ, ನಮ್ಮಂತೆಯೇ.

ಸೆಪ್ಟೆಂಬರ್‌ನಲ್ಲಿ ನಗರ ಬಿಟ್ಟು ಹಳ್ಳಿಗೆ ಹೋಗಿ. ಬೇಸಿಗೆಯಿಡೀ ಬೆಟ್ಟದಲ್ಲಿ ಮೇದ ಕುರಿಗಳನ್ನು ಕುದುರೆ ಮೇಲೆ ಹೋಗಿ ಇಳಿಸಿಕೊಂಡು ಬರುತ್ತಾರೆ. ಆಮೇಲೆ ನಡೆಯುವ ವಿಂಗಡಣೆಗೆ 'ರೆತ್ತಿರ್' ಅನ್ನುತ್ತಾರೆ. ದುಂಡನೆಯ ದೊಡ್ಡಿ, ಸುತ್ತ ಚಕ್ರದ ಅರಗಳ ಹಾಗೆ ಖಾನೆಗಳು. ಒಂದೊಂದು ಖಾನೆ ಒಂದೊಂದು ಹೊಲಮನೆಯದು. ಕೈ ಜೋಡಿಸುತ್ತೇನೆ ಅಂದರೆ ಬೇಡ ಅನ್ನುವವರಿಲ್ಲ. ಕೊಂಬು ಹಿಡಿಯಿರಿ, ಉಣ್ಣೆ ಎಳೆಯಬೇಡಿ, ಕುರಿಗೆ ನೋವಾಗುತ್ತದೆ. ಎರಡು ಕಾಲಿನ ನಡುವೆ ಕುರಿಯನ್ನು ನಿಲ್ಲಿಸಿಕೊಂಡು, ಕಿವಿಯ ಬಿಲ್ಲೆಯ ನಂಬರ್ ಓದಿ, ಅದರ ಖಾನೆಗೆ ನಡೆಸಿಕೊಂಡು ಹೋಗಬೇಕು. ರಬ್ಬರ್ ಬೂಟು, ಉಣ್ಣೆಯ ಸ್ವೆಟರ್ ಬೇಕೇ ಬೇಕು.

ಅಕ್ಟೋಬರ್ 24ರ ಬಗ್ಗೆ ಹೆಣ್ಣುಮಕ್ಕಳು ತಿಳಿದಿರಬೇಕು. 1975ರಲ್ಲಿ ಅವತ್ತು ದೇಶದ ಶೇಕಡಾ 90ರಷ್ಟು ಹೆಂಗಸರು ಸಮಾನ ಹಕ್ಕಿಗಾಗಿ ಮನೆಗೆಲಸ, ಹೊರಗಿನ ಕೆಲಸ ಎರಡನ್ನೂ ಬಿಟ್ಟು ಬೀದಿಗೆ ಬಂದರು. ಐದು ವರ್ಷಕ್ಕೆ, 1980ರಲ್ಲಿ, ವಿಗ್ದೀಸ್ ಫಿನ್‌ಬೋಗಾದೋತ್ತಿರ್ ಎಂಬ ಹೆಣ್ಣುಮಗಳು ರಾಷ್ಟ್ರಪತಿಯಾಗಿ ಆರಿಸಿ ಬಂದರು. 2023ರಲ್ಲಿ ಮತ್ತೆ ಇಡೀ ದಿನ ಕೆಲಸ ನಿಲ್ಲಿಸಿದರು.

ನವೆಂಬರ್ 16 ಭಾಷೆಯ ದಿನ. 1807ರಲ್ಲಿ ಹುಟ್ಟಿದ ಕವಿ ಯೋನಾಸ್ ಹಟ್ಲ್‌ಗ್ರೀಮ್ಸನ್ ಅವರ ಹುಟ್ಟುಹಬ್ಬ. ಈ ದೇಶದಲ್ಲಿರುವುದು ನಾಲ್ಕು ಲಕ್ಷದ ಆಸುಪಾಸಿನ ಜನ. ಆದರೂ ಕಂಪ್ಯೂಟರ್‌ಗೆ ತಮ್ಮದೇ ಪದ ಮಾಡಿಕೊಂಡಿದ್ದಾರೆ, 'ಟೋಲ್ವಾ'. ಸಂಖ್ಯೆ ಅನ್ನುವ ಪದಕ್ಕೆ ಕಣಿ ಹೇಳುವವಳು ಅನ್ನುವ ಪದ ಸೇರಿಸಿ ಕಟ್ಟಿದ್ದು. ನಮ್ಮ ಗಣಕಯಂತ್ರ ಪುಸ್ತಕದಲ್ಲೇ ಉಳಿಯಿತು. ಇವರ ಟೋಲ್ವಾ ಮೂರು ವರ್ಷದ ಮಗುವಿನ ಬಾಯಲ್ಲೂ ಇದೆ, ದಿನಾ ಕೇಳುತ್ತೇನೆ. ಅವತ್ತು ನಿಮಗೆ ಬರುವ ಹತ್ತೇ ಪದಗಳಲ್ಲಿ ಅಂಗಡಿಯವರ ಜೊತೆ ಐಸ್‌ಲ್ಯಾಂಡಿಕ್‌ನಲ್ಲಿ ಮಾತಾಡಿ. ಅವರು ಇಂಗ್ಲಿಷಿಗೆ ತಿರುಗಿದರೂ ನೀವು ಬಿಡಬೇಡಿ.

ಡಿಸೆಂಬರ್‌ನಲ್ಲಿ ಹಗಲು ನಾಲ್ಕೈದು ಗಂಟೆ ಅಷ್ಟೆ. ಆಗ 'ಲೊಯ್ವಾಬ್ರೊಯ್ಥ್' ಮಾಡುವ ಮನೆಗೆ ಹೋಗುವ ಅವಕಾಶ ಸಿಕ್ಕರೆ ತಪ್ಪಿಸಿಕೊಳ್ಳಬೇಡಿ. ಎಲೆ ರೊಟ್ಟಿ ಅನ್ನಬಹುದು. ಹಿಟ್ಟನ್ನು ಕೆಳಗಿನ ಮೇಜಿನ ಗೆರೆ ಕಾಣುವಷ್ಟು ತೆಳ್ಳಗೆ ಲಟ್ಟಿಸುತ್ತಾರೆ. ಅದರ ಮೇಲೆ ಹಕ್ಕಿಯ ಕೊಕ್ಕಿನ ಆಕಾರದಲ್ಲಿ ಸಾಲಾಗಿ ಸೀಳಬೇಕು. ಚಾಕುವಿನ ತುದಿಯಿಂದ ಒಂದು ಕೊಕ್ಕು ಬಿಟ್ಟು ಒಂದನ್ನು ಎತ್ತಿ, ಹಿಂದಕ್ಕೆ ಮಡಚಿ, ಬೆರಳಿನಿಂದ ಮೆತ್ತಗೆ ಒತ್ತಬೇಕು. ಎಲೆಯ ನರದಂಥ ನಕ್ಷೆ ಬರುತ್ತದೆ. ಆಮೇಲೆ ಕರಿಯುತ್ತಾರೆ. ಅಜ್ಜಿ, ಮಕ್ಕಳು, ಮೊಮ್ಮಕ್ಕಳು ಎಲ್ಲ ಒಂದೇ ಮೇಜಿನ ಸುತ್ತ. ನಮ್ಮಲ್ಲಿ ಹಲಸಿನ ಹಪ್ಪಳ ಒತ್ತುವ ದಿನದ ಗದ್ದಲವೇ. ಸಸ್ಯಾಹಾರಿಗಳಾದರೆ ಯಾವುದರಲ್ಲಿ ಕರಿಯುತ್ತೀರಿ ಅಂತ ಮೊದಲೇ ಕೇಳಿ, ಕುರಿಯ ಕೊಬ್ಬು ಬಳಸುವ ಪದ್ಧತಿಯಿದೆ. ನನ್ನ ಸಹೋದ್ಯೋಗಿಯ ತಾಯಿ ನನಗಾಗಿ ಬೇರೆ ಬಾಣಲೆಯಲ್ಲಿ ಎಣ್ಣೆ ಇಟ್ಟರು. ಹೋಗುವಾಗ ಉಡುಗೊರೆಗೆ ಪುಸ್ತಕ ಒಯ್ಯಿರಿ. ಕ್ರಿಸ್‌ಮಸ್‌ಗೆ ಪುಸ್ತಕ ಕೊಡುವುದು ಇವರ ರೂಢಿ. ಹೊಸ ಪುಸ್ತಕಗಳೆಲ್ಲ ಹಿಂಡುಹಿಂಡಾಗಿ ಬರುವುದೂ ಆಗಲೇ.

ಚಳಿಗಾಲದ ಕೊನೆಯದನ್ನು ಬೇಗ ಹೇಳಿಬಿಡುತ್ತೇನೆ. ಜನವರಿ, ಫೆಬ್ರವರಿಯ ಥೊರ್ರಾಬ್ಲೋತ್ ಊಟದಲ್ಲಿ ಹುದುಗಿಸಿದ ಶಾರ್ಕ್, ಕುರಿಯ ತಲೆ ಇರುತ್ತವೆ. ನಾನು ಬೆಣ್ಣೆ ಹಚ್ಚಿದ ಫ್ಲಾತ್‌ಕಾಕಾ ತಿನ್ನುತ್ತೇನೆ. ರೈ ಹಿಟ್ಟಿನದು, ಮೈತುಂಬ ಸುಟ್ಟ ಚುಕ್ಕೆ, ನೋಡಲು ನಮ್ಮ ರೊಟ್ಟಿಯೇ.

ಡಿಸೆಂಬರ್ 31ಕ್ಕೆ ಪಟಾಕಿ ಕೊಳ್ಳುವುದಾದರೆ ರಕ್ಷಣಾ ತಂಡದವರ ಮಳಿಗೆಯಲ್ಲೇ ಕೊಳ್ಳಿ. ಬೆಟ್ಟದಲ್ಲಿ, ಕಡಲಲ್ಲಿ ಸಿಕ್ಕಿಬಿದ್ದವರನ್ನು ಹುಡುಕಿ ತರುವ ಸ್ವಯಂಸೇವಕರು ಅವರು, ಬಹುಮಟ್ಟಿಗೆ ಆ ಹಣದಿಂದಲೇ ಅವರ ಕೆಲಸ ನಡೆಯುವುದು. ಹಿಮದಲ್ಲಿ ಜಾರದ ಹಾಗೆ ಬೂಟಿಗೆ ಮುಳ್ಳುಪಟ್ಟಿ ಕಟ್ಟಿಕೊಂಡು, ಊಟ ಮುಗಿಸಿ ಹತ್ತಿರದ 'ಬ್ರೆನ್ನಾ'ಕ್ಕೆ ಹೋಗಿ, ನಮ್ಮ ಕಾಮನ ಹುಣ್ಣಿಮೆಯಂಥ ದೊಡ್ಡ ಬೆಂಕಿ. ಹತ್ತೂವರೆಯೊಳಗೆ ಮನೆಗೆ ಬಂದು ಟೀವಿ ಹಾಕಿ. ವರ್ಷದ ಆಗುಹೋಗುಗಳನ್ನೆಲ್ಲ ಹಾಸ್ಯ ಮಾಡುವ 'ಸ್ಕೊಯ್ಪ್' ಬರುತ್ತದೆ. ಆ ಹೊತ್ತಿಗೆ ಬೀದಿಯಲ್ಲಿ ನರಪಿಳ್ಳೆ ಇರುವುದಿಲ್ಲ. ಅರ್ಧ ಅರ್ಥವಾಗದಿದ್ದರೂ ಪೂರ್ತಿ ನೋಡಿ. ರಜೆ ಮುಗಿದು ಈಜುಕೊಳ ತೆರೆದಾಗ ತೊಟ್ಟಿಯಲ್ಲಿ ಎಲ್ಲರೂ ಅದನ್ನೇ ಮಾತಾಡುತ್ತಿರುತ್ತಾರೆ. ಅರ್ಥವಾಗದ್ದನ್ನು ಆಗ ಕೇಳಿ.