ಗಿಡದ ಅಡ್ಡಹೆಸರು

ನಮ್ಮ ಶಾಲೆಯ ಹಾಜರಿ ಪುಸ್ತಕದಲ್ಲಿ ಬೇವಿನಮರದ ಇದ್ದಾರೆ, ಹುಣಸಿಮರದ ಇದ್ದಾರೆ. ಮೆಣಸಿನಕಾಯಿ ಮನೆತನದವರೂ ಇದ್ದಾರೆ, ಉಳ್ಳಾಗಡ್ಡಿಯವರೂ ಇದ್ದಾರೆ. ನಮ್ಮ ಕಡೆ ಅಡ್ಡಹೆಸರು, ಅಂದರೆ ಮನೆತನದ ಹೆಸರು, ಹೀಗೇ. ಮಕ್ಕಳಿಗೆ ಗಿಡಮರಗಳ ವೈಜ್ಞಾನಿಕ ಹೆಸರನ್ನು ಹೇಗೆ ಕಲಿಸುವುದು ಅಂತ ಎಷ್ಟೋ ವರ್ಷ ಒದ್ದಾಡಿದ ನನಗೆ, ಉತ್ತರ ದಿನಾ ಬೆಳಿಗ್ಗೆ ಕೂಗುವ ಈ ಹಾಜರಿಯಲ್ಲೇ ಸಿಕ್ಕಿತು. ಆದರೆ ಅದು ಸಿಗೋಕೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸಸ್ಯೋದ್ಯಾನಕ್ಕೆ ಮೂರು ಸಲ ಹೋಗಬೇಕಾಯಿತು.

ನಾನು ಸವಣೂರಿನ ಹತ್ತಿರದ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಮೊದಲ ಸಲ ಮಕ್ಕಳನ್ನು ಕರೆದುಕೊಂಡು ಹೋದಾಗ ಎಲ್ಲರೂ ಮಾಡುವುದನ್ನೇ ಮಾಡಿದೆ. ಸಾಲಾಗಿ ನಿಲ್ಲಿಸಿದೆ, ಮುಂದೆ ನಾನು, ಹಿಂದೆ ಇನ್ನೊಬ್ಬ ಶಿಕ್ಷಕರು. ಎರಡು ತಾಸು ನಡೆದೆವು. ಫಲಕ ಕಂಡಲ್ಲೆಲ್ಲ ನಿಂತು ಹೆಸರು ಬರೆಸಿದೆ. ಒಬ್ಬೊಬ್ಬರ ನೋಟ್‌ಬುಕ್ಕಿನಲ್ಲೂ ಅರವತ್ತರ ಹತ್ತಿರ ಹೆಸರು ತುಂಬಿದವು. ಮರುದಿನ ಕ್ಲಾಸಿನಲ್ಲಿ ಒಂದು ಎಲೆ ತೋರಿಸಿ ಯಾವುದಿದು ಅಂದರೆ, ಎಲ್ಲರೂ ನೋಟ್‌ಬುಕ್ ತೆಗೆದರು. ಎಲೆಯನ್ನು ಯಾರೂ ನೋಡಲಿಲ್ಲ. ಆ ದಿನ ನನಗೆ ನಿಜವಾಗಲೂ ಬೇಜಾರಾಯಿತು. ಮಕ್ಕಳು ಗಿಡ ನೋಡಿರಲಿಲ್ಲ, ಫಲಕ ನೋಡಿದ್ದರು. ತಪ್ಪು ಅವರದಲ್ಲ.

ಮುಂದಿನ ವರ್ಷ ದಸರಾ ರಜೆಯಲ್ಲಿ ಒಬ್ಬಳೇ ಹೋದೆ. ಸವಣೂರಿನಿಂದ ಬಸ್ಸಿಗೆ ಹುಬ್ಬಳ್ಳಿ, ಅಲ್ಲಿಂದ ಚಿಗರಿ ಬಸ್ಸಿಗೆ ಧಾರವಾಡದ ಜುಬಿಲಿ ಸರ್ಕಲ್, ಅಲ್ಲಿಂದ ಆಟೋ. ಇಡೀ ಬೆಳಗು ನನ್ನದೇ. ಈ ವಿಶ್ವವಿದ್ಯಾಲಯ 1949ರಲ್ಲಿ ಮುಂಬೈಯಲ್ಲಿ ಶುರುವಾಗಿ ಮರುವರ್ಷವೇ ಧಾರವಾಡಕ್ಕೆ ಬಂತು. ಗುಡ್ಡದ ಮೇಲಿನ ಈ ಆವರಣದಲ್ಲಿ ಗಾಳಿಗೆ ಬೇರೆಯದೇ ಒಂದು ತಂಪಿದೆ. ಧಾರವಾಡ ಅರ್ಧ ಮಲೆನಾಡು, ಅರ್ಧ ಬಯಲುಸೀಮೆ. ಹಾಗಾಗಿ ನಮ್ಮ ಎರೆಹೊಲದ ಬದುವಿನಲ್ಲಿ ಇರುವ ಜಾಲಿಯನ್ನೂ, ಘಟ್ಟದ ಕಾಡಿನ ಮರವನ್ನೂ ಒಂದೇ ಬೆಳಗಿನಲ್ಲಿ ನೋಡಬಹುದು. ನಮ್ಮಂಥ ಬಯಲಿನ ಊರಿನವರಿಗೆ ಇದೇ ದೊಡ್ಡ ಲಾಭ.

ಸಸ್ಯೋದ್ಯಾನ ಅಂದರೆ ಪಾರ್ಕ್ ಅಲ್ಲ. ಇದನ್ನು ಮಕ್ಕಳಿಗೆ ಮೊದಲೇ ಹೇಳಬೇಕು, ಇಲ್ಲಾಂದರೆ ಜೋಕಾಲಿ ಎಲ್ಲಿ ಅಂತ ಹುಡುಕುತ್ತಾರೆ. ಇಟಲಿಯ ಪಡುವಾ ವಿಶ್ವವಿದ್ಯಾಲಯದವರು 1545ರಲ್ಲಿ ಇಂಥ ತೋಟ ಮಾಡಿದ್ದು ವೈದ್ಯ ಕಲಿಯುವ ಹುಡುಗರಿಗಾಗಿ. ಔಷಧಿ ಗಿಡ ಯಾವುದು, ಅದರಂತೇ ಕಾಣುವ ಬೇರೆ ಗಿಡ ಯಾವುದು ಅಂತ ಕಣ್ಣಾರೆ ನೋಡಿ ಕಲಿಯಲಿ ಅಂತ. ತಪ್ಪು ಗಿಡ ಅರೆದು ಕೊಟ್ಟರೆ ರೋಗಿಯ ಜೀವಕ್ಕೇ ಕುತ್ತು. ಆ ತೋಟ ಇವತ್ತಿಗೂ ಅದೇ ಜಾಗದಲ್ಲಿದೆ. ಅಂದರೆ ಇಲ್ಲಿ ಒಂದೊಂದು ಗಿಡವೂ ಒಂದೊಂದು ಪಾಠ ಅಂತಲೇ ನೆಟ್ಟಿರುತ್ತಾರೆ.

ಒಬ್ಬಳೇ ಸುತ್ತಿದ ಆ ದಿನ ಹತ್ತು ಮರ ಆರಿಸಿಕೊಂಡೆ. ಮನೆಗೆ ಬಂದು ಯೋಚನೆ ಮಾಡಿ ಆರಕ್ಕೆ ಇಳಿಸಿದೆ. ಆರಿಸುವಾಗ ಮೂರು ವಿಷಯ ನೋಡಿದ್ದೆ. ಅರ್ಧದಷ್ಟಾದರೂ ನಮ್ಮೂರಲ್ಲಿ ಕಾಣುವ ಮರ ಆಗಿರಬೇಕು. ಒಂದೊಂದರಲ್ಲೂ ಮುಟ್ಟುವಂಥದ್ದೋ ಮೂಸುವಂಥದ್ದೋ ಏನಾದರೂ ಇರಬೇಕು. ಕೆಳಗೆ ಏಳು ಮಕ್ಕಳು ಕೂರುವಷ್ಟು ಜಾಗ ಇರಬೇಕು. ನೀರು ಬಿಡುತ್ತಿದ್ದ ಮಾಲಿ ಕಾಕಾರನ್ನು ಮಾತಾಡಿಸಿದೆ. ಯಾವ ಮರದಲ್ಲಿ ಹೆಜ್ಜೇನು ಕಟ್ಟುತ್ತದೆ, ಎಲ್ಲಿ ಹುಲ್ಲು ಎತ್ತರ ಬೆಳೆದು ಹಾವಿನ ಭಯ ಇದೆ ಅಂತ ಅವರು ಹೇಳಿದ್ದು ತುಂಬ ಉಪಯೋಗಕ್ಕೆ ಬಂತು. ಹೆಜ್ಜೇನಿನ ಮರ ಎಷ್ಟೇ ಚೆಂದ ಇದ್ದರೂ ಪಟ್ಟಿಯಿಂದ ತೆಗೆದೆ. ನಲವತ್ತೆರಡು ಮಕ್ಕಳಲ್ಲಿ ಒಬ್ಬರು ಕಲ್ಲು ಬೀಸಿದರೂ ಸಾಕು, ಅಲ್ವಾ?

ಸಸ್ಯಶಾಸ್ತ್ರ ವಿಭಾಗಕ್ಕೆ ಹದಿನೈದು ದಿನ ಮೊದಲೇ ಪತ್ರ ಬರೆದೆ. ಬರುವ ದಿನ, ಮಕ್ಕಳ ಸಂಖ್ಯೆ, ಹೆಣ್ಣುಮಕ್ಕಳಿಗೆ ಶೌಚಾಲಯ ಎಲ್ಲಿ ಅನ್ನುವುದು, ಇನ್ನೊಂದು ವಿಶೇಷ ಕೋರಿಕೆ: ನಾವು ನೋಡುವ ಆರು ಮರಗಳ ಫಲಕಕ್ಕೆ ಎರಡು ತಾಸು ಹಾಳೆ ಮುಚ್ಚಬಹುದಾ? ಒಪ್ಪಿದರು.

ಹೋಗುವ ಮುಂಚಿನ ವಾರ ಕ್ಲಾಸಿನಲ್ಲಿ ಒಂದೇ ಒಂದು ಪಾಠ ಮಾಡಿದೆ. ಎಲ್ಲರೂ ಮನೆಯಿಂದ ಕರಿಬೇವು ತನ್ನಿ ಅಂದೆ. ಕೈಯಲ್ಲಿರುವುದು ಎಷ್ಟು ಎಲೆ ಅಂತ ಕೇಳಿದೆ. ಹದಿನೈದು, ಹದಿನೇಳು ಅಂತ ಎಣಿಸಿದರು. ಅಲ್ಲ, ಒಂದೇ ಎಲೆ ಅಂದೆ. ಯಾರೂ ಒಪ್ಪಲಿಲ್ಲ. ಆಗ ಹಿತ್ತಲಿನ ಕರಿಬೇವಿನ ಗಿಡದ ಹತ್ತಿರ ಕರೆದುಕೊಂಡು ಹೋದೆ. ಎಲೆಯ ತೊಟ್ಟು ಕೊಂಬೆಗೆ ಕೂಡುವ ಸಂದಿಯಲ್ಲಿ, ಅಂದರೆ ಎಲೆಯ ಕಂಕುಳಲ್ಲಿ, ಒಂದು ಮೊಗ್ಗು ಇರುತ್ತದೆ. ಸಣ್ಣ ಸಣ್ಣ ಎಲೆಗಳ ಬುಡದಲ್ಲಿ ಹುಡುಕಿ, ಮೊಗ್ಗು ಇರುವುದಿಲ್ಲ. ಇಡೀ ಎಸಳಿನ ಬುಡದಲ್ಲಿ ಮಾತ್ರ ಇರುತ್ತದೆ. ಹಾಗಾಗಿ ಎಸಳೇ ಒಂದು ಎಲೆ, ಅದರಲ್ಲಿರುವುದು ಕಿರುಎಲೆ. ಒಗ್ಗರಣೆಗೆ ‘ಒಂದು ಎಸಳು ಕರಿಬೇವು ಹಾಕು’ ಅನ್ನುವ ನಮ್ಮ ಅವ್ವಂದಿರು ಸರಿಯಾಗೇ ಎಣಿಸುತ್ತಿದ್ದರು. ಇದೊಂದು ಕಣ್ಣಿಗೆ ಬಿದ್ದ ಮೇಲೆ ಬೇವು, ಹುಣಸೆ, ನುಗ್ಗೆ ಎಲ್ಲವನ್ನೂ ಮಕ್ಕಳು ಬೇರೆ ಥರ ನೋಡತೊಡಗಿದರು. ನುಗ್ಗೆಯಲ್ಲಿ ಮೊಗ್ಗು ಹುಡುಕಿ ಹುಡುಕಿ, ಒಂದು ಎಲೆ ಮೊಳದುದ್ದ ಇದೆ ಅಂತ ಒಬ್ಬ ಓಡಿ ಬಂದು ಹೇಳಿದ.

ನವೆಂಬರ್ ಕೊನೆಯ ವಾರ ಹೊರಟೆವು. ಮಳೆಗಾಲದಲ್ಲಿ ಧಾರವಾಡದ ಜಡಿಮಳೆ ನಂಬುವ ಹಾಗಿಲ್ಲ, ಫೆಬ್ರುವರಿ ಹೊತ್ತಿಗೆ ಎಷ್ಟೋ ಮರ ಎಲೆ ಉದುರಿಸಿ ನಿಂತಿರುತ್ತವೆ. ಹೂವು ನೋಡಬೇಕಾದರೆ ಫೆಬ್ರುವರಿ, ಮಾರ್ಚ್ ಒಳ್ಳೆಯದು. ಎಲೆ ಕಲಿಯಬೇಕಾದರೆ ನವೆಂಬರ್. ದಾರಿಯುದ್ದಕ್ಕೂ ಹತ್ತಿ ಹೊಲ ಬೆಳ್ಳಗೆ ಒಡೆದು ನಿಂತಿತ್ತು. ಅದು ಆಮೇಲೆ ಉಪಯೋಗಕ್ಕೆ ಬರುತ್ತದೆ ಅಂತ ನನಗೂ ಆಗ ಗೊತ್ತಿರಲಿಲ್ಲ.

ಆರು ಗುಂಪು, ಗುಂಪಿಗೆ ಏಳು ಜನ. ಗುಂಪಿಗೊಂದು ಭೂತಗನ್ನಡಿ, ಒಂದು ಅಳತೆ ಟೇಪು, ಹಳೆ ಪೇಪರಿನ ಒಂದು ಕಟ್ಟು. ಪೆನ್ ಬೇಡ, ಪೆನ್ಸಿಲ್. ಇಬ್ಬನಿ ಬಿದ್ದ ಹಾಳೆಯ ಮೇಲೆ ಪೆನ್ನಿನ ಶಾಯಿ ಹರಡುತ್ತದೆ. ಕೀಳುವ ಹಾಗಿಲ್ಲ, ಬಿದ್ದ ಎಲೆ ಮಾತ್ರ ಎತ್ತಬಹುದು, ಅದೂ ಕೇಳಿ. ಒಂದು ಮರದ ಕೆಳಗೆ ಇಪ್ಪತ್ತೈದು ನಿಮಿಷ. ಒಂದು ಗುಂಪಿಗೆ ಮೂರೇ ಮರ. ಮೊದಲು ನೋಡಿ, ಮುಟ್ಟಿ, ಚಿತ್ರ ಬರೆದು, ನಮ್ಮೂರಲ್ಲಿ ಇಂಥದ್ದು ಇದೆಯಾ ಅಂತ ಮಾತಾಡಿ, ಕೊನೆಗೆ ಹಾಳೆ ಸರಿಸಿ ಫಲಕ ಓದಬೇಕು. ಇಪ್ಪತ್ತೈದು ನಿಮಿಷ ಜಾಸ್ತಿಯಾಯಿತೇನೋ ಅಂತ ನನಗೆ ಅಳುಕಿತ್ತು. ಮೊದಲ ಐದು ನಿಮಿಷ ಸುಮ್ನೆ ಕೂತಿದ್ದರು, ನಿಜ. ಆಮೇಲೆ ಎದ್ದೇಳಲೇ ಒಲ್ಲರು.

ಒಂದು ಗುಂಪು ಅಶೋಕದ ಕೆಳಗೆ ಕೂತಿತ್ತು. ಎಳೆಯ ಎಲೆಗಳು ತಾಮ್ರದ ಬಣ್ಣದಲ್ಲಿ, ಒದ್ದೆ ಬಟ್ಟೆಯಂತೆ ಜೋತು ಬಿದ್ದಿದ್ದವು. ಹಾಳೆ ಸರಿಸಿ ‘ಅಶೋಕ’ ಅಂತ ಓದಿದಾಗ ಗಲಾಟೆಯೇ ಆಯಿತು. ನಮ್ಮ ಶಾಲೆಯ ಮುಂದೆ ಕಂಬದ ಹಾಗೆ ನೆಟ್ಟಗೆ ನಿಂತಿವೆಯಲ್ಲ, ಅವು ಅಶೋಕ ಅಲ್ಲವಾ? ಅಲ್ಲ. ಅವು ಕಂಬದ ಮರ, ಸೀತಾಫಲದ ಸಂಬಂಧಿಕರು. ಎಲೆ ಒಂಟಿ, ಅಂಚು ಅಲೆಅಲೆ. ಸೀತೆ ಕೂತ ಅಶೋಕ ಅಂತ ನಮ್ಮವರು ಹೇಳುವುದು ಇದನ್ನು, ಸರಾಕಾ ಅಶೋಕವನ್ನು. ಇದರ ಎಲೆ ಕರಿಬೇವಿನ ಥರ ಎಸಳು, ಹೂವು ಕೇಸರಿ ಬಣ್ಣದ ಗೊಂಚಲು. ಹುಣಸೆಯ ಕುಟುಂಬದ್ದು. ಔಷಧಿಗೆ ಇದರ ತೊಗಟೆ ಸುಲಿದು ಸುಲಿದು, ಕಾಡಿನಲ್ಲಿ ಈ ಮರ ಕಮ್ಮಿಯಾಗಿದೆ. ಅಪಾಯದಲ್ಲಿರುವ ಗಿಡಗಳ ಪಟ್ಟಿಯಲ್ಲಿ ಇದರ ಹೆಸರಿದೆ. ಇದನ್ನು ಹೇಳಿದ ಮೇಲೆ ಒಬ್ಬ ಹುಡುಗಿ ತೊಗಟೆಯ ಮೇಲಿದ್ದ ಕೈಯನ್ನು ಮೆಲ್ಲಗೆ ತೆಗೆದಳು.

ಇನ್ನೊಂದು ಕಡೆ ಎರಡು ಮತ್ತಿಗಳು. ಹೊಳೆಮತ್ತಿ ನಮಗೆ ಗೊತ್ತು, ವರದಾ ನದಿಯ ದಂಡೆಯಲ್ಲಿ ಇದೆ. ಬಿಳಿ ಬೂದು ತೊಗಟೆ, ನುಣುಪು. ಕರಿಮತ್ತಿಯ ತೊಗಟೆ ಕಪ್ಪು, ಮೊಸಳೆ ಚರ್ಮದಂತೆ ಒಡೆದಿರುತ್ತದೆ. ಎರಡೂ ಹತ್ತಿರದ ನೆಂಟರು ಅಂದರೆ ಯಾರು ನಂಬುತ್ತಾರೆ? ಕೆಳಗೆ ಬಿದ್ದ ಕಾಯಿ ಎತ್ತಿ ನೋಡಿ ಅಂದೆ. ಎರಡಕ್ಕೂ ಐದು ರೆಕ್ಕೆ. ಎಲೆಯ ಬುಡದಲ್ಲಿ ಎರಡು ಸಣ್ಣ ಗಂಟು, ಅವೂ ಎರಡರಲ್ಲೂ ಇವೆ. ಮುಖ ಬೇರೆ, ಮನೆತನ ಒಂದೇ.

ಈ ಮನೆತನದ ಮಾತು ಬಂದಲ್ಲೇ ಅಡ್ಡಹೆಸರು ಬಂತು. ನಮ್ಮೂರಲ್ಲಿ ‘ಪಾಟೀಲರ ಬಸು’, ‘ಹಿರೇಮಠರ ಗಂಗಾ’ ಅಂತೀವಿ. ಮನೆತನ ಮೊದಲು, ಆಳಿನ ಹೆಸರು ಆಮೇಲೆ. ಗಿಡದ್ದೂ ಹಾಗೇ. ಫೈಕಸ್ ಬೆಂಗಾಲೆನ್ಸಿಸ್ ಆಲ, ಫೈಕಸ್ ರಿಲಿಜಿಯೋಸಾ ಅರಳಿ, ಫೈಕಸ್ ರೆಸಿಮೋಸಾ ಅತ್ತಿ. ಫೈಕಸ್ ಮನೆತನದ ಮೂವರು. ಮೂವರಿಗೂ ಹಾಲಿದೆ, ಮೂವರ ಹೂವೂ ಕಾಯಿಯ ಒಳಗೇ ಅಡಗಿರುತ್ತದೆ. ಅತ್ತಿ ಹಣ್ಣು ಒಡೆದರೆ ಹುಳ ಅಂತ ಹೇಳುತ್ತಾರಲ್ಲ, ಅದಕ್ಕೆ ಕಾರಣ ಒಂದು ಸಣ್ಣ ಕಣಜ. ಅದು ಒಳಗೆ ಹೋಗಿ ಮೊಟ್ಟೆಯಿಟ್ಟು, ಹೂವಿಗೆ ಪರಾಗವನ್ನೂ ಮುಟ್ಟಿಸುತ್ತದೆ. ಹೆಸರಿನ ಕೊನೆಯಲ್ಲಿ ಬರೆದ ‘ಎಲ್’ ಅಂದರೆ ಏನು ಅಂತ ಒಬ್ಬ ಕೇಳಿದ. ಅದು ಆ ಹೆಸರಿಟ್ಟ ಲಿನ್ನೇಯಸ್ ಎಂಬ ಸ್ವೀಡನ್ನಿನ ಪಂಡಿತರ ಗುರುತು. ಎರಡು ಮಾತಿನ ಹೆಸರು ಎಲ್ಲ ಗಿಡಗಳಿಗೂ ರೂಢಿಗೆ ಬಂದದ್ದು 1753ರ ಅವರ ಪುಸ್ತಕದಿಂದ.

ಕರಿಜಾಲಿಯ ಹತ್ತಿರ ಒಂದು ತೊಡಕು. ಫಲಕದಲ್ಲಿ ಅಕೇಶಿಯಾ ನಿಲೋಟಿಕಾ ಅಂತ ಇತ್ತು. ನನ್ನ ಮೊಬೈಲ್ ಆ್ಯಪ್ ವಚೆಲಿಯಾ ನಿಲೋಟಿಕಾ ಅಂದಿತು. ಎರಡೂ ಅದರದೇ ಹೆಸರು. ಜಗತ್ತಿನ ಸಸ್ಯಶಾಸ್ತ್ರಜ್ಞರು 2005ರಲ್ಲಿ ವಿಯೆನ್ನಾದಲ್ಲಿ ಸೇರಿ, ಅಕೇಶಿಯಾ ಅನ್ನುವ ಹೆಸರನ್ನು ಆಸ್ಟ್ರೇಲಿಯಾದ ಗಿಡಗಳಿಗೆ ಉಳಿಸಿದರು. ನಮ್ಮ ಜಾಲಿ ಹೊಸ ಮನೆತನಕ್ಕೆ ಹೋಯಿತು. ‘ಮದುವಿ ಆದಮ್ಯಾಲೆ ನಮ್ಮಕ್ಕಂದೂ ಅಡ್ಡಹೆಸರು ಬದಲಾತ್ರೀ’ ಅಂದಳು ಒಬ್ಬಳು. ಇದಕ್ಕಿಂತ ಚೆನ್ನಾಗಿ ನಾನೂ ಹೇಳುತ್ತಿರಲಿಲ್ಲ.

ಆದರೆ ಆ ದಿನದ ನಿಜವಾದ ಪಾಠ ಬೂರುಗದ ಕೆಳಗೆ ಆಯಿತು. ನಾನು ಅದನ್ನು ಆರಿಸಿದ್ದು ಕಾಂಡದ ಮುಳ್ಳಿಗಾಗಿ. ಏಳು ಜನ ಬಿದ್ದ ಎಲೆಯೊಂದನ್ನು ಪೇಪರ್ ಮೇಲೆ ಹರಡಿಕೊಂಡಿದ್ದರು. ಅಂಗೈಯಿಂದ ಬೆರಳು ಹೊರಟ ಹಾಗೆ, ಒಂದೇ ಕಡೆಯಿಂದ ಏಳು ಕಿರುಎಲೆ. ಕ್ಲಾಸಿನಲ್ಲಿ ಜಾಸ್ತಿ ಬಾಯಿ ಬಿಡದ ಹುಡುಗ ಅದನ್ನೇ ನೋಡುತ್ತ ಹೇಳಿದ: ‘ಅಕ್ಕೋರೇ, ಇದು ನಮ್ಮ ದೊಡ್ಡಹುಣಸಿ ಎಲಿ ಇದ್ದಂಗೈತ್ರೀ.’

ಸವಣೂರಿನ ದೊಡ್ಡಹುಣಸೆ ಕಲ್ಮಠದ ಮೂರು ದೈತ್ಯ ಮರಗಳನ್ನು ನೋಡದವರು ನಮ್ಮ ಕಡೆ ಇಲ್ಲ. ಒಂದರ ಬುಡ ತಬ್ಬೋಕೆ ನಮ್ಮ ಮಕ್ಕಳಲ್ಲಿ ಹನ್ನೊಂದು ಜನ ಕೈ ಹಿಡಿದು ನಿಲ್ಲಬೇಕಾಯಿತು. 2023ರ ಜುಲೈ ಮಳೆಗೆ ಮೂರರಲ್ಲಿ ಒಂದು ಬುಡಸಮೇತ ಉರುಳಿತು. ಅದನ್ನು ಎತ್ತಿ ಮತ್ತೆ ನೆಟ್ಟರು. ಅವು ಆಫ್ರಿಕಾದ ಬಾವೊಬಾಬ್, ಅಡನ್ಸೋನಿಯಾ ಡಿಜಿಟಾಟಾ. ಡಿಜಿಟಾಟಾ ಅಂದರೆ ಬೆರಳಿನಂಥದ್ದು. ಹುಣಸೆಗೂ ಅದಕ್ಕೂ ಸಂಬಂಧವೇ ಇಲ್ಲ, ಬೂರುಗಕ್ಕೆ ಹತ್ತಿರದ ನೆಂಟ. ಬೂರುಗದ ಫಲಕದಲ್ಲಿ ಬೊಂಬಕೇಸಿ ಅಂತ ಹಳೆಯ ಕುಟುಂಬದ ಹೆಸರಿತ್ತು. ಗಿಡಗಳಲ್ಲಿ ಕುಟುಂಬ ಅಂದರೆ ಹಲವು ಮನೆತನ ಸೇರಿದ ದೊಡ್ಡ ಬಳಗ. ಈಗ ಅದನ್ನು ಮಾಲ್ವೇಸಿಗೆ ಸೇರಿಸಿದ್ದಾರೆ. ಮಾಲ್ವೇಸಿ ಅಂದರೆ ಹತ್ತಿ, ದಾಸವಾಳ, ಬೆಂಡಿಕಾಯಿ. ನಾನು ಇದನ್ನು ಹೇಳಿ ಮುಗಿಸುವ ಮೊದಲೇ ಅವರು ಕೂಡಿಸುತ್ತಿದ್ದರು. ಬೂರುಗದ ಕಾಯಲ್ಲಿ ಅರಳೆ, ಬಸ್ಸಿನಿಂದ ನೋಡಿದ ಹೊಲದಲ್ಲೂ ಅರಳೆ. ಬೆಂಡಿ ಹೂವು ಹತ್ತಿ ಹೂವಿನ ಹಾಗೇ ಇರುತ್ತದೆ, ನಡುವೆ ಕೆಂಪು. ಒಬ್ಬನ ಮನೆಯವರು ಹತ್ತಿ ಬೆಳೆಯುವವರು, ಅವನು ಎದ್ದು ನಿಂತು ಹೂವಿನ ಬಗ್ಗೆ ಹೇಳತೊಡಗಿದ. ನಾನು ಕೂತು ಕೇಳಿದೆ.

ಊಟಕ್ಕೆ ಎಲ್ಲ ಗುಂಪೂ ಒಂದೆಡೆ ಸೇರಿತು. ಬುತ್ತಿ ಬಿಚ್ಚಿ, ಚಪಾತಿ, ಶೇಂಗಾ ಚಟ್ನಿ ಹಂಚಿಕೊಳ್ಳುತ್ತ, ಒಂದೊಂದು ಗುಂಪು ತಾನು ನೋಡಿದ ಮರವನ್ನು ನೋಡದವರಿಗೆ ಹೇಳಿತು. ಆ ಹೊತ್ತಿಗೆ ಯಾರೂ ನೋಟ್‌ಬುಕ್ ತೆಗೆಯಲಿಲ್ಲ. ಕೊನೆಯ ಅರ್ಧ ತಾಸು ಬೇಕಾದಲ್ಲಿ ಸುತ್ತಾಡಿ ಅಂತ ಬಿಟ್ಟೆ. ಮುಂದಿನ ಸಲ ಅದನ್ನು ಒಂದು ತಾಸು ಮಾಡುತ್ತೇನೆ.

ಎಲೆಗಳನ್ನು ಪೇಪರ್ ನಡುವೆ ಇಟ್ಟು, ಮೇಲೆ ಭಾರ ಹೇರಿ, ದಿನಾ ಪೇಪರ್ ಬದಲಿಸಿ ಒಂದು ವಾರ ಒಣಗಿಸಿದೆವು. ಒಂದು ದಿನ ಬದಲಿಸದೆ ಬಿಟ್ಟ ಕಟ್ಟಿಗೆ ಬೂಸ್ಟು ಹಿಡಿಯಿತು. ಬೂರುಗದ ಎಲೆ ಮಾತ್ರ ಚೆನ್ನಾಗಿ ಉಳಿಯಿತು.

ಅದನ್ನೇ ಹಿಡಿದುಕೊಂಡು ಡಿಸೆಂಬರಿನ ಒಂದು ಶನಿವಾರ ಕಲ್ಮಠಕ್ಕೆ ಹೋದೆವು. ಬಿದ್ದ ಎಲೆಯ ಪಕ್ಕ ಇಟ್ಟು ಕಿರುಎಲೆ ಎಣಿಸಿದರು. ಅಲ್ಲಿ ಕೂತಿದ್ದ ಅಜ್ಜಿಯೊಬ್ಬರು ಏನು ನಡೆಸಿದ್ದೀರಿ ಅಂತ ಕೇಳಿದರು. ಆ ಹುಡುಗ ಎಲ್ಲ ವಿವರಿಸಿದ, ಇದು ಹುಣಸಿ ಅಲ್ಲ ಅಂತಲೂ ಹೇಳಿದ. ‘ಹಣ್ಣು ತಿಂದು ನೋಡೀಯೇನು? ಹುಳಿ ಇರ್ತೈತಿ. ಅದಕ್ಕ ಹುಣಸಿ ಅಂದಾರ’ ಅಂದರು ಅಜ್ಜಿ.

ಅವನು ಮೊಣಕಾಲೂರಿ ಕೂತು, ಶಾಲೆಗೆ ಒಯ್ಯಬೇಕಿದ್ದ ರಟ್ಟಿನ ಮೇಲೆ ಪೆನ್ಸಿಲ್‌ನಲ್ಲಿ ಬರೆದ: ಅಡ್ಡಹೆಸರು, ಅಡನ್ಸೋನಿಯಾ. ಊರಿನ ಹೆಸರು, ದೊಡ್ಡಹುಣಸಿ. ಕಾರಣ, ಹುಳಿ. ಹೇಳಿದವರು, ಅಜ್ಜಿ.